ಸಪ್ಪೆಗೆ ಬಿದ್ದ ಚಿಟಿಕೆ

ಕಂಪ್ಯೂಟರನ್ನು ಇಟ್ಟಿದ್ದು ದೇವರ ಮನೆಯಲ್ಲಿ. ತಮಾಷೆಗೆ ಹೇಳುತ್ತಿಲ್ಲ. ಯಾದವಗಿರಿಯ ಒಂದು ಹಳೆಯ ಬಂಗಲೆಯನ್ನು ಬಾಡಿಗೆಗೆ ಹಿಡಿದು ನಮ್ಮ ಪ್ರಯೋಗಾಲಯ ನಡೆಯುತ್ತಿತ್ತು. ಹಜಾರದಲ್ಲಿ ಮೈಕ್ರೋಸ್ಕೋಪುಗಳು, ಮಲಗುವ ಕೋಣೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಚ್ಚಗಿಟ್ಟು ಕುಲುಕುವ ಯಂತ್ರ, ಅಡುಗೆಮನೆಯಲ್ಲಿ ಅವುಗಳ ಊಟದ ತಯಾರಿ. ಕಂಪ್ಯೂಟರಿಗೆ ಧೂಳು ಆಗದು ಅನ್ನುತ್ತಿದ್ದರಲ್ಲ ಆಗ, ಕಿಟಕಿಯೇ ಇಲ್ಲದ ಕೋಣೆ ಅಂತ ಆ ಮನೆಯಲ್ಲಿ ಇದ್ದದ್ದು ದೇವರ ಮನೆ ಒಂದೇ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಂಪ್ಯೂಟರ್ ಇರುವ ಕೋಣೆಗೆ ಜನ ಹೇಗಿದ್ದರೂ ಚಪ್ಪಲಿ ಬಿಟ್ಟೇ ಹೋಗುತ್ತಿದ್ದರು, ಹಾಗಾಗಿ ಯಾರಿಗೂ ಏನೂ ವ್ಯತ್ಯಾಸ ಅನ್ನಿಸಲಿಲ್ಲ. ದೀಪದ ಮಸಿ ಹಿಡಿದಿದ್ದ ಗೂಡಿನಲ್ಲಿ ನಾನು ಫ್ಲಾಪಿಗಳ ಡಬ್ಬಿ ಇಟ್ಟುಕೊಂಡಿದ್ದೆ.

ಅಲ್ಲಿ ಕೂತು ನಾನು ಮಾಡುತ್ತಿದ್ದ ಕೆಲಸವನ್ನು ಚಾಮರಾಜಪುರಂ ಮನೆಯಲ್ಲಿ ಅಜ್ಜಿಗೆ ವಿವರಿಸಬೇಕಾಗಿ ಬಂದಿದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ನನಗೂ ಅದು ಅಷ್ಟು ಸಲೀಸಾಗಿ ಅರ್ಥವಾಗುತ್ತಿರಲಿಲ್ಲವೇನೋ. ಅಜ್ಜಿ ನಾಲೆ ಬಯಲಿನ ಊರಿನವಳು. ಭತ್ತದ ಗದ್ದೆಯ ಬದುವಿನ ಮೇಲೆ ಬೆಳೆದು, ನಮ್ಮಪ್ಪನಿಗೆ ಕೆಲಸ ಸಿಕ್ಕ ಮೇಲೆ ಮೈಸೂರಿಗೆ ಬಂದವಳು. ನನಗೆ ಮಾತು ಕಲಿಸಿದವಳೇ ಅವಳು. ಏನನ್ನು ಕೇಳಿದರೂ ಒಂದು ಪ್ರಶ್ನೆಯಿಂದಲೇ ಶುರು ಮಾಡುವ ಅಭ್ಯಾಸವೂ ಅವಳದೇ.

"ಅದೇನವ್ವಾ ಮಾಡ್ತೀಯ ದಿನಾ ಆ ಡಬ್ಬದ ಮುಂದೆ?"

"ಒಂದು ಸಣ್ಣ ಜೀವ ಇದೆ ಕಣಜ್ಜಿ, ಕಣ್ಣಿಗೆ ಕಾಣಲ್ಲ. ಅದಕ್ಕೆ ಸಕ್ಕರೆ ತಿನ್ನಿಸಿದ್ರೆ ಟೊಮೇಟೊ ಹಣ್ಣಲ್ಲಿರೋ ಕೆಂಪು ಬಣ್ಣ ಮಾಡಿಕೊಡೋ ಹಾಗೆ ನಮ್ಮ ಮೇಡಂ ಅದನ್ನ ತಿದ್ದಿದಾರೆ. ಆದ್ರೆ ಅದು ಕೊಡೋದು ಒಂಚೂರು. ತಿಂದಿದ್ದೆಲ್ಲ ಬೇರೆ ಕಡೆ ಹೋಗ್ತಿದೆ. ಎಲ್ಲಿ ಹೋಗ್ತಿದೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕ್ತಿದೀನಿ."

"ಒಳಗೆ ದಾರಿ ಅವ್ಯಾ?"

"ನೂರಾರು."

ಅಜ್ಜಿ ಎಲೆಗೆ ಸುಣ್ಣ ಸವರಿದಳು. "ಅಂದ್ರೆ ನೀರುಗಂಟಿ ಕೆಲ್ಸ ಅನ್ನು."

ನೀರುಗಂಟಿ ಅಂದರೆ ಅವಳ ಊರಿನಲ್ಲಿ ನಾಲೆಯ ನೀರನ್ನು ಗದ್ದೆ ಗದ್ದೆಗೆ ಹಂಚುವವನು. ಯಾವ ತೂಬು ಎಷ್ಟು ತೆಗೆಯಬೇಕು, ಯಾವುದನ್ನು ಮುಚ್ಚಬೇಕು ಅನ್ನುವುದು ಅವನ ಕೈಯಲ್ಲಿ. ಬಂದ ನೀರೆಷ್ಟೋ ಹೋದ ನೀರೂ ಅಷ್ಟೇ ಇರಬೇಕು, ನಡುವೆ ಹುಟ್ಟುವ ಹಾಗಿಲ್ಲ, ಮಾಯವಾಗುವ ಹಾಗಿಲ್ಲ. ನನ್ನ ಕಂಪ್ಯೂಟರ್ ಮಾಡುತ್ತಿದ್ದದ್ದೂ ಅಷ್ಟೇ. ಜೀವಕೋಶದೊಳಗೆ ನಡೆಯುವ ಒಂದೊಂದು ರಾಸಾಯನಿಕ ಕ್ರಿಯೆಯೂ ಒಂದು ತೂಬು. ಅವನ್ನೆಲ್ಲ ಸಾಲಾಗಿ ಬರೆದುಕೊಟ್ಟು, ಒಂದನ್ನು ಮುಚ್ಚಿದರೆ ಸಕ್ಕರೆ ಯಾವ ಕಡೆ ತಿರುಗುತ್ತದೆ ಅಂತ ಕೇಳುವುದು. ನಾನು ಪುಸ್ತಕಗಳಿಂದ ಎರಡು ತಿಂಗಳು ಓದಿ ತಿಳಿದದ್ದನ್ನು ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಹಿಡಿದುಬಿಟ್ಟಿದ್ದಳು.

ಆದರೆ ಮೊದಲ ಸಲ ನಾನು ಎಡವಿದ್ದು ಎಲ್ಲರ ಮುಂದೆ. ಪ್ರಯೋಗಾಲಯದ ಶನಿವಾರದ ಸಭೆಯಲ್ಲಿ ಬಹಳ ಉತ್ಸಾಹದಿಂದ ನನ್ನ ಲೆಕ್ಕ ತೋರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಸ್ಕಾಲರ್ ಕೇಳಿದ, "ಸಕ್ಕರೆ ಸೊನ್ನೆ ಅಂತ ಕೊಟ್ಟು ನೋಡಿ, ಏನನ್ನುತ್ತೆ?" ಕೊಟ್ಟೆ. ಸಕ್ಕರೆ ಇಲ್ಲದೆಯೂ ಬ್ಯಾಕ್ಟೀರಿಯಾ ಸುಖವಾಗಿ ಬೆಳೆಯುತ್ತದೆ ಅಂತ ಬಂತು. ಹಜಾರವೆಲ್ಲ ನಕ್ಕಿತು. "ದೇವರ ಮನೆ ಮಹಿಮೆ ಕಣ್ರೀ, ನೈವೇದ್ಯ ಇಲ್ದೆನೂ ನಡೆಯುತ್ತೆ" ಅಂದ ಅವನೇ. ಕಾಫಿ ತಂದು ಬಾಗಿಲಲ್ಲಿ ನಿಂತಿದ್ದ, ನಾವೆಲ್ಲ ಯಜಮಾನರು ಅನ್ನುತ್ತಿದ್ದ ಅಡುಗೆಮನೆಯ ಹಿರಿಯರು ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

ಮನೆಗೆ ಹೋಗಿ ಅಜ್ಜಿಗೆ ಹೇಳಿದರೆ ಅವಳೂ ನಕ್ಕಳು, ಆದರೆ ಕೆಲಸಕ್ಕೆ ಬರುವ ಮಾತೊಂದನ್ನೂ ಹೇಳಿದಳು. "ತೂಬು ಮುಚ್ಚಿದ್ರೂ ಗದ್ದೆ ತುಂಬ್ತು ಅಂದ್ರೆ, ಕೆಳಗಿನ ನೀರ್ನ ಯಾರೋ ಮ್ಯಾಕ್ಕೆ ಅರಿಸವ್ರೆ. ನೋಡ್ಕೊ ಓಗು." ಹಾಗೇ ಆಗಿತ್ತು. ಕ್ರಿಯೆಗಳನ್ನು ನಾನು ಬರೆದುಕೊಂಡಿದ್ದು ಗೋಡೆಗೆ ಹಾಕಿದ್ದ ದೊಡ್ಡ ನಕ್ಷೆ ನೋಡಿ, ಅದರಲ್ಲಿ ಬಾಣದ ತಲೆಗಳು ಸಣ್ಣ ಸಣ್ಣವು. ಒಮ್ಮುಖ ಹರಿಯುವ ಮೂರು ಕ್ರಿಯೆಗಳನ್ನು ನಾನು ಎರಡೂ ಕಡೆ ಹರಿಯುತ್ತವೆ ಅಂತ ಬರೆದುಕೊಂಡಿದ್ದೆ. ಅವು ಮೂರೂ ಒಂದರ ಬಾಲ ಒಂದು ಹಿಡಿದು ಸುತ್ತುತ್ತಾ ಪುಕ್ಕಟೆ ಶಕ್ತಿ ಹುಟ್ಟಿಸುತ್ತಿದ್ದವು. ತಿದ್ದುವುದಕ್ಕೆ ಅರ್ಧ ದಿನ ಸಾಕಾಯಿತು. ಹೋದ ಮಾನ ಮಾತ್ರ ಅರ್ಧ ದಿನದಲ್ಲಿ ಬರುವಂಥದ್ದಲ್ಲ.

ನನ್ನ ಗೈಡ್ ಮೇಡಂ ಕಟುಕಿಯಲ್ಲ, ಆದರೆ ನೇರ. ಒಂದು ದಿನ ಕರೆದು ಕೂರಿಸಿಕೊಂಡು ಹೇಳಿದರು.

"ನೋಡಮ್ಮ, ಮುಂದಿನ ತಿಂಗಳು ಪರಿಶೀಲನಾ ಸಮಿತಿ ಬರ್ತಿದೆ. ಅವರಿಗೆ ಈ ಲೆಕ್ಕ ಎಲ್ಲ ಹೊಸದು. ನಿನ್ನ ಕಂಪ್ಯೂಟರ್ ಮೊದಲೇ ಹೇಳಿದ್ದು ಬೆಂಚಿನ ಮೇಲೆ ನಿಜವಾಯ್ತು ಅಂತ ಒಂದೇ ಒಂದು ತೋರಿಸು, ಸಾಕು. ಇಲ್ಲಾಂದ್ರೆ ಈ ವಿಷಯ ಇಲ್ಲಿಗೇ ಬಿಟ್ಟುಬಿಡೋಣ. ಬಣ್ಣ ಬೇರ್ಪಡಿಸೋ ಕೆಲಸ ಇದ್ದೇ ಇದೆ, ಅದರಲ್ಲೇ ಪಿಎಚ್‌ಡಿ ಮಾಡ್ಕೋ."

ಅಂದರೆ ಎರಡು ವರ್ಷದ ಕೆಲಸಕ್ಕೆ ಒಂದೇ ಪರೀಕ್ಷೆ. ನಾನು ಬಹಳ ಯೋಚಿಸಿ ಒಂದು ತೂಬನ್ನು ಆರಿಸಿದೆ. ನನ್ನ ಲೆಕ್ಕದ ಪ್ರಕಾರ ಅದನ್ನು ಮುಚ್ಚಿದ ಬ್ಯಾಕ್ಟೀರಿಯಾ ಬರೀ ಸಕ್ಕರೆ, ಉಪ್ಪಿನ ನೀರಿನಲ್ಲಿ ಬದುಕುವುದಿಲ್ಲ. ಮೈ ಕಟ್ಟಿಕೊಳ್ಳಲು ಬೇಕಾದ ಒಂದೆರಡು ವಸ್ತುಗಳನ್ನು ಮಾಡಿಕೊಳ್ಳುವುದು ಅದಕ್ಕೆ ಆಗುವುದಿಲ್ಲ. ಅವನ್ನು ಹೊರಗಿನಿಂದ ಚೂರೇ ಚೂರು ಕೊಟ್ಟರೆ ಬದುಕುತ್ತದೆ, ಮೈ ಬೆಳೆಸಲು ಹೆಚ್ಚು ಆಸ್ಪದವಿಲ್ಲದೆ ಉಳಿದ ಸಕ್ಕರೆಯನ್ನು ಬಣ್ಣದ ಕಡೆಗೆ ಹರಿಸುತ್ತದೆ. ಮೇಡಂ ಬಳಿ ಆ ತೂಬು ಮುಚ್ಚಿದ ತಳಿ ಸಿದ್ಧವಾಗಿತ್ತು. ಮೊದಲ ಪರೀಕ್ಷೆ ಸುಲಭ. ಮುಚ್ಚಿದ ತಳಿಯನ್ನೂ ಮುಚ್ಚದ ತಳಿಯನ್ನೂ ಬರೀ ಸಕ್ಕರೆ ಉಪ್ಪಿನ ನೀರಿಗೆ ಬಿಡುವುದು. ಮುಚ್ಚದ್ದು ಬೆಳೆಯಬೇಕು, ಮುಚ್ಚಿದ್ದು ಸಾಯಬೇಕು.

ಈ ನೀರು ಮಾಡಿಕೊಡುವವರು ಯಜಮಾನರು. ಅವರ ವಿಷಯ ಸ್ವಲ್ಪ ಹೇಳಬೇಕು. ಆಗ ಅರವತ್ತರ ಹತ್ತಿರ. ಹಣೆಯ ತುಂಬ ವಿಭೂತಿ, ಬೆಳ್ಳಗಿನ ಪಂಚೆ, ಅದರ ಮೇಲೆ ಪ್ರಯೋಗಾಲಯದ ಕೋಟು. ಪ್ರಾಯದಲ್ಲಿ ಒಂದು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡಿದವರು. ಹಳ್ಳಿಗಳಿಂದ ಓದಲು ಬಂದ ಮಕ್ಕಳಿಗೆ ಎರಡು ಹೊತ್ತು ಅನ್ನ ಸಾರು ಬೇಯಿಸಿದ ಕೈ ಅದು. ಆಮೇಲೆ ಯಾರೋ ಪರಿಚಯದವರು ಇಲ್ಲಿ ಬ್ಯಾಕ್ಟೀರಿಯಾಗಳ ಊಟದ, ನಮ್ಮ ಭಾಷೆಯಲ್ಲಿ 'ಮೀಡಿಯಾ'ದ, ಉಸ್ತುವಾರಿಗೆ ಸೇರಿಸಿದರು. ನಮ್ಮ ಪಾತ್ರೆಗಳಿಗೆ ಅವರೇ ಹೆಸರಿಟ್ಟಿದ್ದರು. ಎಲ್ಲ ಸತ್ವವೂ ಇರುವ ಕಂದು ಬಣ್ಣದ ದ್ರವ 'ಸಾರು', ಬರೀ ಸಕ್ಕರೆ ಉಪ್ಪಿನದು 'ಸಪ್ಪೆ'. ಮೇಡಂ ಕೂಡ ಹಾಗೇ ಕರೆಯುತ್ತಿದ್ದರು. ಅಡುಗೆಮನೆಯ ಕಟ್ಟೆಯ ಮೇಲಿನ ಬ್ಯಾಲೆನ್ಸಿನಲ್ಲಿ ಅವರು ತೂಗಿದರೆ ಎರಡನೆಯವರು ಪರೀಕ್ಷಿಸುವ ಅಗತ್ಯವಿರಲಿಲ್ಲ.

"ಯಜಮಾನ್ರೇ, ನಾಡಿದ್ದಿಗೆ ಆರು ಫ್ಲಾಸ್ಕ್ ಸಪ್ಪೆ ಬೇಕಿತ್ತು" ಅಂದೆ.

"ಸಪ್ಪೆ? ನಿಮ್ ಹುಳಕ್ಕಾ ತಾಯಿ?"

"ಹೂಂ. ಬಹಳ ಮುಖ್ಯ ಇದು. ಇದರಲ್ಲೇ ನನ್ನ ಹಣೆಬರಹ ಇರೋದು."

"ಅಂಗಾದ್ರೆ ಚೆನ್ನಾಗೇ ಮಾಡ್ಕೊಡಾನ ಬುಡಿ" ಅಂದರು.

ಮಾತು ಅಷ್ಟೇ. ಇಷ್ಟಕ್ಕೆ ನಿಲ್ಲಿಸಿದ್ದು ನನ್ನ ತಪ್ಪು ಅಂತ ಇವತ್ತಿಗೂ ಒಪ್ಪಿಕೊಳ್ಳುತ್ತೇನೆ.

ತಳಿಗಳನ್ನು ಬಿಟ್ಟ ಮೂರನೆಯ ದಿನ ಬೆಳಗ್ಗೆ ಕುಲುಕುವ ಯಂತ್ರದ ಮುಚ್ಚಳ ತೆಗೆದರೆ ಎಲ್ಲ ಫ್ಲಾಸ್ಕೂ ಕದಡಿತ್ತು. ಕದಡಿದೆ ಅಂದರೆ ಬ್ಯಾಕ್ಟೀರಿಯಾ ಬೆಳೆದಿದೆ ಅಂತ. ಮುಚ್ಚದ ತಳಿ ಗಟ್ಟಿಯಾಗಿ, ಮುಚ್ಚಿದ್ದು ಸಾಕಷ್ಟು ತೆಳುವಾಗಿ. ತೆಳುವಾದರೇನು, ಬದುಕಿತ್ತು! ಸಾಯಬೇಕಾದದ್ದು ಬದುಕಿ ಕೂತಿತ್ತು.

"ಸಾರಿನಲ್ಲಿ ಬೆಳೆಸಿದ್ದನ್ನ ತೆಗೆದಾಗ ಸರಿಯಾಗಿ ತೊಳೆದಿದ್ಯಾ? ಹಳೇ ಊಟ ಮೈಗೆ ಅಂಟಿಕೊಂಡಿದ್ರೂ ಹೀಗಾಗುತ್ತೆ" ಅಂದರು ಮೇಡಂ.

"ಮೂರು ಸಲ ತೊಳೆದಿದ್ದೆ ಮೇಡಂ."

ಇನ್ನೊಮ್ಮೆ ಮಾಡಿದೆ, ಐದು ಸಲ ತೊಳೆದು. ಬೆಳೆಯಿತು. ಮೂರನೆಯ ಸಲವೂ ಬೆಳೆಯಿತು. ತೂಬು ನಿಜಕ್ಕೂ ಮುಚ್ಚಿದೆಯೇ ಅಂತ ಮೇಡಂ ತಾವೇ ಪರೀಕ್ಷಿಸಿದರು. ಮುಚ್ಚಿತ್ತು. ಉಳಿದದ್ದು ಒಂದೇ ವಿವರಣೆ: ಕಂಪ್ಯೂಟರ್ ಹೇಳಿದ್ದು ಸುಳ್ಳು. ಮೊದಲ ಸಲ ಉಪವಾಸದಲ್ಲಿ ಬದುಕುತ್ತದೆ ಅಂದ ಲೆಕ್ಕ, ಈಗ ಊಟವಿದ್ದೂ ಸಾಯುತ್ತದೆ ಅನ್ನುತ್ತಿದೆ, ಅದು ನೋಡಿದರೆ ಬೆಳೆದು ನಿಂತಿದೆ. ಬೇರೆಯವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಒಂದು ವಾರ ಒಂದೊಂದು ಬಾಣವನ್ನೂ ಮತ್ತೆ ನೋಡಿದೆ, ಪೆನ್ಸಿಲಿನಿಂದ ಗುರುತು ಹಾಕಿಕೊಂಡು. ತಪ್ಪು ಸಿಗಲಿಲ್ಲ. ತಪ್ಪು ಸಿಗದಿರುವುದು ತಪ್ಪು ಸಿಗುವುದಕ್ಕಿಂತ ಕಷ್ಟ, ಅದು ಆ ವಾರ ತಿಳಿಯಿತು.

ಯಜಮಾನರು ಒಂದು ಮಧ್ಯಾಹ್ನ ದೇವರ ಮನೆಯ ಹೊಸ್ತಿಲಲ್ಲಿ ನಿಂತು ಇಣುಕಿದರು. "ಬೆಳೀತಲ್ಲ ತಾಯಿ, ಇನ್ನೂ ಯಾಕಿಂಗೆ ಮೊಕ ಇಳೇಬುಟ್ಕೊಂಡಿದ್ದೀರಿ?" ನಾನು ಏನೋ ಹೇಳಿ ತಪ್ಪಿಸಿಕೊಂಡೆ. ಲೆಕ್ಕದ ವಿಷಯ ಅವರಿಗೆಲ್ಲಿ ಬಿಡಿಸಿ ಹೇಳುವುದು ಅಂತ ಸೋಮಾರಿತನ. ಅಜ್ಜಿಗೆ ಬಿಡಿಸಿ ಹೇಳಿದವಳಿಗೆ ಅವರಿಗೆ ಹೇಳಬೇಕು ಅಂತ ಹೊಳೆಯಲಿಲ್ಲ ನೋಡಿ.

ಸಮಿತಿ ಬರಲು ಎರಡು ವಾರ ಉಳಿದಿತ್ತು. "ಕೊನೆಯ ಸಲ ಮಾಡಿ ನೋಡು. ಆಮೇಲೆ ಆ ಕೋಣೆ ಖಾಲಿ ಮಾಡೋಣ" ಅಂದರು ಮೇಡಂ, ಮೆತ್ತಗೆ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವತ್ತೇ ಯಜಮಾನರು ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಅಂತ ಮೂರು ದಿನ ರಜೆ ಹಾಕಿ ಊರಿಗೆ ಹೋದರು. ಕಾಯುವಷ್ಟು ವ್ಯವಧಾನ ನನಗಿರಲಿಲ್ಲ. ಗೋಡೆಗೆ ಅಂಟಿಸಿದ್ದ ಚೀಟಿ ನೋಡಿಕೊಂಡು ನಾನೇ ಸಪ್ಪೆ ಮಾಡಿದೆ. ತೂಗಿದೆ, ಕರಗಿಸಿದೆ, ಬಾಯಿಗೆ ಹತ್ತಿ ತುರುಕಿ ದೊಡ್ಡ ಕುಕ್ಕರಿನಂಥ ಆಟೋಕ್ಲೇವಿನಲ್ಲಿ ಬೇಯಿಸಿದೆ, ಎರಡೂ ತಳಿಗಳನ್ನು ಬಿಟ್ಟೆ.

ಎರಡು ದಿನವಾದರೂ ಮುಚ್ಚಿದ ತಳಿಯ ಫ್ಲಾಸ್ಕುಗಳು ಬಾವಿಯ ನೀರಿನ ಹಾಗೆ ತಿಳಿಯಾಗಿದ್ದವು.

ನನಗೆ ಆಗ ಏನನ್ನಿಸಿತು ಹೇಳಲಾ? ಖುಷಿಯಲ್ಲ. 'ಇದನ್ನೂ ಕೆಡಿಸಿಟ್ಟೆ' ಅನ್ನಿಸಿತು. ನನ್ನ ಅಡುಗೆಯ ಕೀರ್ತಿ ಮನೆಯಲ್ಲಿ ಅಂಥದ್ದು. "ನಮ್ಮುಡುಗಿ ನೀರು ಕಾಯಿಸಿದ್ರೂ ತಳ ಇಡೀತದೆ" ಅಂತ ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಉಪ್ಪನ್ನೋ ಸಕ್ಕರೆಯನ್ನೋ ಮರೆತಿದ್ದೇನೆ ಅಂದುಕೊಂಡು ಫ್ಲಾಸ್ಕುಗಳನ್ನು ತೊಳೆಯುವ ತೊಟ್ಟಿಯವರೆಗೆ ಒಯ್ದೂ ಆಗಿತ್ತು. ಚೆಲ್ಲುವ ಮೊದಲು ಪಕ್ಕದ ತಟ್ಟೆಯ ಕಡೆ ಕಣ್ಣು ಹೋಯಿತು. ಅದೇ ಪಾತ್ರೆಯಿಂದ ತುಂಬಿಸಿದ ನೀರಿನಲ್ಲಿ, ಮುಚ್ಚದ ತಳಿ ಹಾಲಿನಂತೆ ಕದಡಿ ನಿಂತಿತ್ತು. ನಾನು ಊಟ ಕೆಡಿಸಿದ್ದರೆ ಅದೂ ಸಾಯಬೇಕಿತ್ತಲ್ಲ?

ಫ್ಲಾಸ್ಕನ್ನು ಕೆಳಗಿಟ್ಟೆ. ಕಪಾಟಿನಲ್ಲಿ ಯಜಮಾನರು ಮಾಡಿಟ್ಟಿದ್ದ ಸಪ್ಪೆ ಒಂದು ಫ್ಲಾಸ್ಕ್ ಮಿಕ್ಕಿತ್ತು, ಅದನ್ನು ತಂದು ನನ್ನದರ ಪಕ್ಕ ಕಿಟಕಿಯ ಬೆಳಕಿಗೆ ಹಿಡಿದೆ. ನನ್ನದು ನೀರು. ಅವರದಕ್ಕೆ ಒಣ ಹುಲ್ಲಿನಷ್ಟು ತೆಳು ಹಳದಿ. ಆ ಹಳದಿಯನ್ನು ನಾವೆಲ್ಲರೂ ನೋಡಿದ್ದೆವು. ಸಕ್ಕರೆ ಬೇಯುವಾಗ ತುಸು ಕಂದಾಗುವುದು ಮಾಮೂಲು, ಅದೇ ಇರಬೇಕು ಅಂದುಕೊಂಡು ಯಾರೂ ಕೇಳಿರಲಿಲ್ಲ.

ಯಜಮಾನರು ಸೋಮವಾರ ಬಂದರು, ನಾಮಕರಣದ ಸಕ್ಕರೆ ಅಚ್ಚು ಪೊಟ್ಟಣದಲ್ಲಿ ಕಟ್ಟಿಕೊಂಡು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿ ಕೂತೆ. ಸಪ್ಪೆ ಬೇಕು ಅಂದೆ, ಹರಟೆ ಹೊಡೆಯುವವಳ ಹಾಗೆ ನೋಡುತ್ತಾ ಕೂತೆ. ಅವರು ತೂಗಿದರು. ಒಂದೊಂದು ಉಪ್ಪನ್ನೂ ಕಾಗದದ ಮೇಲೆ ಕೊನೆಯ ಹರಳಿನವರೆಗೆ. ಬಾಯಲ್ಲಿ ನಾಮಕರಣದ ಸುದ್ದಿ.

"ಮಗುವಿನ ಅತ್ತೆ ಬರೋ ಒತ್ಗೆ ಮಗು ನಿದ್ದೆ. ಎಬ್ಬುಸ್ಬೇಡಿ ಅಂದ್ರೆ ಕೇಳ್ತಾಳಾ..." ಅನ್ನುತ್ತಾ ಸಕ್ಕರೆ ಸುರಿದರು, ಕಡ್ಡಿಯಿಂದ ತಿರುವಿದರು, ಅದೇ ಲಯದಲ್ಲಿ ಎಡಗಡೆ ತಿರುಗಿ ಕಂದು ಡಬ್ಬಿಯ ಮುಚ್ಚಳ ತೆಗೆದು ಎರಡು ಬೆರಳಲ್ಲಿ ಏನೋ ತೆಗೆದು ಪಾತ್ರೆಗೆ ಉದುರಿಸಿದರು. "...ಎಬ್ಬುಸ್ಬುಟ್ಳು. ಆಮ್ಯಾಕೆ ಮೂರು ಗಂಟೆ ಅತ್ತಿದ್ದೇ ಅತ್ತಿದ್ದು."

"ಯಜಮಾನ್ರೇ, ಈಗ ಹಾಕಿದ್ದೇನು?"

"ಯಾವ್ದು?"

"ಆ ಡಬ್ಬೀದು."

ತಮ್ಮ ಬೆರಳನ್ನು ತಾವೇ ನೋಡಿಕೊಂಡರು. ಅದು ಯೀಸ್ಟ್ ಎಕ್ಸ್‌ಟ್ರಾಕ್ಟಿನ ಡಬ್ಬಿ. ಸಾರಿಗೆ ಹಾಕುವ ಪುಡಿ, ಎಲ್ಲ ಸತ್ವವೂ ತುಂಬಿದ್ದು.

"ಓ, ಇದಾ! ಒಂದ್ ಚಿಟ್ಕೆ ಕಣ್ ತಾಯಿ, ಎಚ್ಚೇನಿಲ್ಲ."

"ಯಾಕೆ ಹಾಕಿದ್ರಿ?"

"ಯಾಕೆ ಅಂದ್ರೆ? ಬರೀ ಉಪ್ನೀರು ಕುಡ್ದು ಯಾವ ಜೀವ ಬದುಕ್ತದೆ? ಮಠದಲ್ಲಿ ಅಳತೆ ಆದ್ಮೇಲೆ ಮೇಲೊಂದು ಹಿಡಿ ಅಕ್ಕಿ ಹಾಕ್ದೆ ಒಲೆ ಮೇಲೆ ಇಟ್ಟೋನೇ ಅಲ್ಲ ನಾನು. ಲೆಕ್ಕಕ್ಕೆ ಸಿಗ್ದೆ ಇರೋನು ಒಬ್ಬ ಬಂದೇ ಬರ್ತಾನೆ, ಅವ್ನು ಅಸ್ಕೊಂಡು ಓಗ್ಬಾರ್ದು." ಸ್ವಲ್ಪ ದನಿ ತಗ್ಗಿಸಿದರು. "ಬೇರೆಯೋರ್ ಸಪ್ಪೆಗೆ ಹಾಕಲ್ಲ. ಅವತ್ತು ಸಭೇಲಿ ಎಲ್ರೂ ಸೇರ್ಕೊಂಡು ನಿಮ್ಮನ್ನ ನೋಡಿ ನಕ್ಬುಟ್ರಲ್ಲ, ನಂಗೆ ಕರುಳು ಕಿತ್ತು ಬಂತು. ಇದ್ರಲ್ಲೇ ಅಣೇಬರ ಅದೆ ಅಂತ ನೀವೇ ಏಳಿದ್ರಿ. ಇದಾದ್ರೂ ಬೆಳೀಲಿ, ಉಡುಗಿ ಗೆಲ್ಲಲಿ ಅಂತ..."

"ಬೆಳೀಬಾರ್ದಿತ್ತು ಯಜಮಾನ್ರೇ."

"ಆಂ?"

"ಸಾಯ್ಬೇಕಿತ್ತು ಅದು. ಸತ್ತಿದ್ರೆ ನಾನು ಗೆಲ್ತಿದ್ದೆ."

ಕಡ್ಡಿ ತಿರುವುವುದು ನಿಂತಿತು. ಅವರು ನನ್ನನ್ನು ನೋಡಿದ ರೀತಿ ಮರೆಯಲಾರೆ. "ಅಲ್ಲ ಕಣ್ ತಾಯಿ, ಇಷ್ಟು ವರ್ಸದಲ್ಲಿ ಈ ಬಾಗ್ಲಿಗೆ ಬಂದೋರೆಲ್ಲ 'ಬೆಳೀಲಿಲ್ಲ ಯಜಮಾನ್ರೇ' ಅಂತ ಅತ್ಕೊಂಡು ಬಂದೋರು. ಬೆಳೀತು ಅಂತ ಅಳೋರ್ನ ಇವತ್ತೇ ನೋಡಿದ್ದು ನಾನು. ಮೊದ್ಲೇ ಒಂದ್ ಮಾತು ಬಾಯ್ಬುಟ್ಟು ಏಳ್ಬಾರ್ದಿತ್ತಾ?"

ಏಳ್ಬಾರ್ದಿತ್ತಾ! ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಕಟ್ಟೆಯಿಂದ ಇಳಿದು ಅಲ್ಲೇ, ಪಾತ್ರೆಯ ಪಕ್ಕದಲ್ಲಿ, ನೀರುಗಂಟಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಮುಖ ಇಳಿಯಿತು. "ಅಂದ್ರೆ ನಿಮ್ ಕಂಪ್ಯೂಟರು ಸರಿಯಾಗೇ ಏಳ್ತಿತ್ತು. ನಾನೇ ಸುಳ್ಳು ಮಾಡ್ಬುಟ್ಟೆ" ಅಂದು ಪಂಚೆಯ ಅಂಚಿನಿಂದ ಬೆರಳು ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಅವರನ್ನು ಸಮಾಧಾನ ಮಾಡಲು ಏನಾದರೂ ಹೇಳಬೇಕಿತ್ತು. ಹೇಳಲು ಹೊರಟವಳಿಗೆ ಥಟ್ಟನೆ ಒಂದು ಹೊಳೆಯಿತು. ಚೂರೇ ಚೂರು ಹೊರಗಿನಿಂದ ಕೊಟ್ಟರೆ ಬದುಕುತ್ತದೆ, ಬಣ್ಣ ಹೆಚ್ಚು ಮಾಡುತ್ತದೆ. ನನ್ನ ಲೆಕ್ಕದ ಎರಡನೆಯ ಅರ್ಧ ಅದೇ ಅಲ್ಲವೇ? ಯಜಮಾನರು ನನಗೆ ತಿಳಿಯದೆ ಅದನ್ನೇ ಮೂರು ಸಲ ಮಾಡಿಕೊಟ್ಟಿದ್ದರು. ಬೆಳೆದಿದ್ದೇ ತಪ್ಪು ಅಂತ ಬೇಸರದಲ್ಲಿ ಬಣ್ಣದ ಕಡೆ ಯಾರೂ ನೋಡಿರಲಿಲ್ಲ. ಓಡಿಹೋಗಿ ಫ್ರಿಜ್ಜಿನ ಹಿಂದಿನ ಸಾಲಿನಿಂದ ಆ ಮೂರು ಸಲವೂ ಮಾದರಿಗೆ ಅಂತ ಎತ್ತಿಟ್ಟಿದ್ದ ಟ್ಯೂಬುಗಳನ್ನು ತೆಗೆದೆ. ತಳದಲ್ಲಿ ಕೂತಿದ್ದ ಬ್ಯಾಕ್ಟೀರಿಯಾದ ಪುಟ್ಟ ಮುದ್ದೆ, ಮುಚ್ಚದ ತಳಿಯದು ತಿಳಿ ಗುಲಾಬಿ. ಮುಚ್ಚಿದ್ದು ಗಾತ್ರದಲ್ಲಿ ಅರ್ಧ, ಆದರೆ ಕುಂಕುಮದ ಕೆಂಪು.

"ಯಜಮಾನ್ರೇ, ಬನ್ನಿ ಇಲ್ಲಿ. ಆ ಚಿಟಿಕೆ ಇನ್ನೊಂದ್ಸಲ ಹಾಕಿ. ಪಾತ್ರೆಗಲ್ಲ, ಈ ಬ್ಯಾಲೆನ್ಸ್ ಮೇಲೆ."

"ಬ್ಯಾಡ ತಾಯಿ, ಇನ್ ಅದನ್ನ ಮುಟ್ಟಲ್ಲ."

"ಹಾಕಿ ಅಂದ್ರೆ."

ಹತ್ತು ಸಲ ಹಾಕಿಸಿದೆ. ಪ್ರತಿ ಸಲವೂ ಕಾಗದ ಬದಲಿಸಿ, ಅಂಕಿ ಬರೆದುಕೊಂಡೆ. ಅವರು ಮುಖ ತಿರುಗಿಸಿಕೊಂಡೇ ಹಾಕುತ್ತಿದ್ದರು, ಕೈ ತಾನೇ ಅಳೆಯುತ್ತಿತ್ತು. ಹತ್ತರಲ್ಲಿ ಒಂದಕ್ಕೊಂದು ವ್ಯತ್ಯಾಸ ಒಂದು ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಇಂಥ ಕೈಯ ಮೇಲೆ ಲೆಕ್ಕ ಕಟ್ಟಬಹುದು. ಚಪ್ಪಲಿ ಕಳಚಿ ದೇವರ ಮನೆಗೆ ನುಗ್ಗಿದೆ. ಆ ಪುಡಿಯ ಸತ್ವಗಳಿಗೆ ಹೊಸ ಸಾಲುಗಳನ್ನು ಸೇರಿಸಿ, ಯಜಮಾನರ ಚಿಟಿಕೆಯ ತೂಕ ಕೊಟ್ಟು, ಎಷ್ಟು ಬೆಳೆಯುತ್ತದೆ ಹೇಳು ಅಂದೆ. ಮುಚ್ಚಿದ ತಳಿ ಮುಚ್ಚದ್ದರ ಅರ್ಧಕ್ಕಿಂತ ತುಸು ಕಡಿಮೆ ಬೆಳೆಯುತ್ತದೆ ಅಂತು. ನನ್ನ ನೋಟ್‌ಬುಕ್ಕಿನಲ್ಲಿ ಮೂರೂ ಸಲ ಬರೆದಿದ್ದದ್ದು ಅದೇ. ಯಜಮಾನರು ಹೊಸ್ತಿಲಾಚೆ ನಿಂತು, "ಏನಂತೆ? ಏನಂತೆ?" ಅನ್ನುತ್ತಿದ್ದರು.

ಮೇಡಂಗೆ ಹೇಳಿದಾಗ ಮೊದಲು ಕೋಪವೇ ಬಂತು. ಕೋಪ ಬರುವಂಥದ್ದೇ. ಸೀದಾ ಅಡುಗೆಮನೆಗೆ ಹೋಗಿ, "ಬರೆದಿದ್ದಕ್ಕಿಂತ ಒಂದು ಹರಳು ಹೆಚ್ಚು ಬೀಳಬಾರದು, ಇನ್ನು ಮೇಲೆ" ಅಂದು ಬಂದರು. ಆಮೇಲೆ ನನ್ನ ಕಡೆ ತಿರುಗಿ, "ಸಮಿತಿ ಮುಂದೆ ಈ ಕಥೆ ಎಲ್ಲ ಬೇಡ. ಮೊದಲು ಮಾಡಿದ್ರಲ್ಲಿ ಮೀಡಿಯಾ ಸರಿ ಇರಲಿಲ್ಲ ಅಂತ ಒಂದೇ ಮಾತಲ್ಲಿ ಮುಗಿಸು. ತಿಳಿ ಫ್ಲಾಸ್ಕ್ ತೋರಿಸು, ಸಾಕು" ಅಂದರು.

ಸಾಕಾಗಿತ್ತು ನಿಜ. ಆದರೆ ನನ್ನ ಲೆಕ್ಕಕ್ಕೆ ಸಿಕ್ಕ ದೊಡ್ಡ ಸಾಕ್ಷಿ ಆ ಚಿಟಿಕೆಯೇ ಆಗಿತ್ತು. ಸಾಯುತ್ತದೆ ಅಂತ ಹೇಳುವುದು ಒಂದು, ಇಷ್ಟು ಕೊಟ್ಟರೆ ಇಷ್ಟು ಬದುಕುತ್ತದೆ ಅಂತ ಹೇಳುವುದು ಇನ್ನೊಂದು. ಅದನ್ನು ಹೇಳಬೇಕಾದರೆ ಯಜಮಾನರ ವಿಷಯ ಹೇಳದೆ ಆಗದು. ಅವರನ್ನೇ ಕೇಳಿದೆ.

"ಏಳಿ ತಾಯಿ" ಅಂದರು. "ನಂಗೇನ್ ನಾಚ್ಕೆ? ಕದ್ದಿಲ್ವಲ್ಲ, ಹಾಕಿದ್ದು."

ಸಮಿತಿಯವರು ಬಂದದ್ದು ಮೂರು ಜನ. ಹಜಾರದ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಪ್ರೊಜೆಕ್ಟರ್ ಹಾಕಿದ್ದೆವು. ಸ್ಕಾಲರುಗಳೆಲ್ಲ ಹಿಂದೆ ನಿಂತಿದ್ದರು, ನೈವೇದ್ಯದ ತಮಾಷೆ ಮಾಡಿದವನೂ. ನಾನು ಎರಡು ಫ್ಲಾಸ್ಕ್ ಮೇಜಿನ ಮೇಲಿಟ್ಟೆ, ಒಂದು ತಿಳಿ, ಒಂದು ಕದಡಿದ್ದು. ತೂಬು ಮುಚ್ಚಿದರೆ ಹೀಗಾಗುತ್ತದೆ ಅಂತ ಪ್ರಯೋಗಕ್ಕೆ ಮೊದಲೇ ಕಂಪ್ಯೂಟರ್ ಹೇಳಿತ್ತು ಅಂತ ಕಾಗದ ತೋರಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮೇಡಂ ಕಡೆ ನೋಡಿದೆ, ಅವರು ನೆಲ ನೋಡುತ್ತಿದ್ದರು. ಮುಂದುವರಿಸಿದೆ. ಮೊದಲ ಮೂರು ಸಲ ಬೆಳೆದದ್ದು ಯಾಕೆ, ಯಾರು ಏನು ಹಾಕಿದ್ದರು, ನಾನು ಯಾರಿಗೆ ಏನು ಹೇಳದೆ ಉಳಿದಿದ್ದೆ, ಎಲ್ಲ ಹೇಳಿದೆ.

ಹಿರಿಯರೊಬ್ಬರು ಕನ್ನಡಕ ತೆಗೆದರು. "ಚಿಟಿಕೆ ಅಂದ್ರೆ ಎಷ್ಟಮ್ಮ? ಚಿಟಿಕೆ ಮೇಲೆ ವಿಜ್ಞಾನ ಮಾಡೋಕಾಗುತ್ತಾ?"

ನಾನು ಹತ್ತು ಅಂಕಿಗಳ ಹಾಳೆ ಹಾಕಿದೆ. ಅವರು ಬಗ್ಗಿ ನೋಡಿದರು, ಪಕ್ಕದವರಿಗೂ ತೋರಿಸಿದರು. "ಇದು ಯಾವ ಯಂತ್ರದಲ್ಲಿ ತೂಗಿ ಹಾಕಿದ್ದು?"

ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಬಂದಿದ್ದ ಯಜಮಾನರು ಬಾಗಿಲಿಂದಲೇ ಎರಡು ಬೆರಳು ಎತ್ತಿ ತೋರಿಸಿದರು. "ಇದ್ರಲ್ಲಿ ಸಾರ್."

ಈ ಸಲವೂ ಹಜಾರವೆಲ್ಲ ನಕ್ಕಿತು. ಆ ಹಿರಿಯರು ಎದ್ದುಹೋಗಿ ಯಜಮಾನರ ಕೈಯಿಂದ ತಟ್ಟೆ ತೆಗೆದುಕೊಂಡರು. ಉಪ್ಪಿಟ್ಟು ತಿನ್ನುತ್ತಲೇ ಬಣ್ಣದ ಅಳತೆಯ ಬಗ್ಗೆ, ಇನ್ನು ಯಾವ ಯಾವ ತೂಬು ಮುಚ್ಚಬಹುದು ಅನ್ನುವ ಬಗ್ಗೆ ಒಂದು ಗಂಟೆ ಪ್ರಶ್ನೆ ಕೇಳಿದರು. ಹೊರಡುವಾಗ ಮೇಡಂ ಜೊತೆ ಮಾತಾಡಿದ್ದು ನನಗೆ ಕೇಳಿಸಲಿಲ್ಲ. ಅವರನ್ನು ಗೇಟಿನವರೆಗೆ ಬಿಟ್ಟು ಬಂದ ಮೇಡಂ, "ಆ ಕೋಣೆಗೆ ಇನ್ನೊಂದು ಫ್ಯಾನ್ ಹಾಕಿಸಬೇಕು. ಇನ್ನೂ ಎರಡು ವರ್ಷ ಕೂರೋಳು ಬೆವೆತು ಸಾಯ್ತೀಯ" ಅಂದರು. ನನಗೆ ಪಿಎಚ್‌ಡಿ ಉಳಿಯಿತು ಅಂತ ತಿಳಿದದ್ದು ಹಾಗೆ.

ಹಿಂದಿನ ಬೆಂಚಿನ ಸ್ಕಾಲರ್ ಮಾರನೆಯ ವಾರ ಸಂಕೋಚಪಡುತ್ತಾ ದೇವರ ಮನೆಗೆ ಬಂದ, ತನ್ನ ತಳಿಗೂ ಒಂದು ಲೆಕ್ಕ ಹಾಕಿಕೊಡಲು ಆಗುತ್ತದೆಯೇ ಅಂತ ಕೇಳಲು. ಚಪ್ಪಲಿ ಹೊರಗೆ ಬಿಟ್ಟು ಬಾ ಅಂದೆ.

ಯಜಮಾನರು ಮಾತ್ರ ಒಂದು ಹಟ ಹಿಡಿದರು. ಇನ್ನು ಬಾಯಿಮಾತಿಗೆ ಮೀಡಿಯಾ ಮಾಡುವುದಿಲ್ಲ, ಬರೆದು ಕೊಡಿ ಅಂದರು. ಬರೆಯುವ ಚೀಟಿಯಲ್ಲಿ ಏನು ಬೇಕು, ಎಷ್ಟು ಬೇಕು ಅಂತಷ್ಟೇ ಇದ್ದರೆ ಸಾಲದು, ಬೆಳೆಯಬೇಕೋ ಬೆಳೆಯಬಾರದೋ ಅಂತಲೂ ಇರಬೇಕು. "ಯಾರ್ ಬದುಕ್ಬೇಕು, ಯಾರ್ ಸಾಯ್ಬೇಕು ಅಂತ ಗೊತ್ತಿದ್ರೆ ನಾನ್ಯಾಕೆ ಅಡ್ಡ ಬರ್ಲಿ?" ಮೇಡಂ ಒಪ್ಪಿದರು. ಸೈಕ್ಲೋಸ್ಟೈಲ್ ಮಾಡಿದ ಚೀಟಿಯಲ್ಲಿ ಕೊನೆಯ ಸಾಲು ಅದೇ ಆಯಿತು. ಹೊಸದಾಗಿ ಸೇರಿದ ಸ್ಕಾಲರುಗಳು ಅದನ್ನು ನೋಡಿ ನಗುತ್ತಿದ್ದರು. ಆದರೆ ಆ ಸ್ಥಳದಲ್ಲಿ ಏನು ಬರೆಯುವುದು ಅಂತ ಪೆನ್ನು ಹಿಡಿದು ನಿಂತಾಗ, ತಮ್ಮ ಪ್ರಯೋಗದಿಂದ ತಾವು ಏನನ್ನು ನಿರೀಕ್ಷಿಸುತ್ತಿದ್ದೇವೆ ಅಂತ ಮೊದಲ ಸಲ ಯೋಚಿಸುತ್ತಿದ್ದರು. ಮುಂದೆ ಎರಡು ಸಾವಿರದ ಇಸವಿಯ ಈಚೆಗೆ ನಾವು ದೊಡ್ಡ ಕಟ್ಟಡಕ್ಕೆ ಹೋದಾಗ ಕಂಪ್ಯೂಟರುಗಳು ನಾಲ್ಕಾದವು, ಚೀಟಿ ಅದೇ ಉಳಿಯಿತು.

ಬಣ್ಣ ಇನ್ನೂ ಹೆಚ್ಚಿಸಲು ಒಟ್ಟಿಗೆ ಮೂರು ತೂಬು ಮುಚ್ಚಿದ ಒಂದು ತಳಿಯನ್ನು ನಾನೂ ಮೇಡಂ ಸೇರಿ ಕಟ್ಟಿದೆವು. ಅದು ಸಪ್ಪೆಯಲ್ಲಿ ಬದುಕುತ್ತದೋ ಸಾಯುತ್ತದೋ ಅಂದರೆ ಕಂಪ್ಯೂಟರ್ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಅಂಕಿ ಅಂಚಿನ ಮೇಲೆ ನಿಂತಿತ್ತು. ಚೀಟಿಯ ಕೊನೆಯ ಸಾಲಿನಲ್ಲಿ ಪ್ರಾಮಾಣಿಕವಾಗಿ 'ಗೊತ್ತಿಲ್ಲ' ಅಂತ ಬರೆದು ಕೊಟ್ಟೆ.

ಯಜಮಾನರು ಕನ್ನಡಕ ಏರಿಸಿ ಓದಿದರು. ಚೀಟಿಯನ್ನು ನನ್ನ ಕೈಗೇ ವಾಪಸ್ ಕೊಟ್ಟರು.

"ಗೊತ್ತಿಲ್ದೆ ಇದ್ರೆ 'ಬೆಳೀಲಿ' ಅಂತ ಬರೀರಿ ತಾಯಿ. ಬರೆಯೋಕೇನು ಖರ್ಚು?"

ಬರೆದುಕೊಟ್ಟೆ. ಅವರು ಆ ದಿನ ಸಪ್ಪೆಯನ್ನು ಚೀಟಿಯಲ್ಲಿದ್ದ ಹಾಗೆ, ಒಂದು ಹರಳೂ ಹೆಚ್ಚಿಲ್ಲದೆ ತೂಗಿ ಮಾಡಿದರು. ಕಂದು ಡಬ್ಬಿಯ ಕಡೆ ತಿರುಗದಿರಲಿ ಅಂತ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.